41 ಡಿಗ್ರಿಯ ಕಡಲು

ಪಳೆಯುಳಿಕೆ ಕೊರೆಯುವುದು ನನ್ನ ಕೆಲಸ. ಹಲ್ಲಿನ ಡಾಕ್ಟರ ಹತ್ತಿರ ಇರುತ್ತಲ್ಲ, ಅಂಥದ್ದೇ ಡ್ರಿಲ್. ಚಿಟಿಕೆಗಿಂತ ಎಷ್ಟೋ ಕಡಿಮೆ ಪುಡಿ ಸಾಕು. ಫಾಸ್ಫಾರಿಕ್ ಆಸಿಡ್ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಅದರಲ್ಲಿ ಆಕ್ಸಿಜನ್‌ನ ಭಾರದ ರೂಪ ಆಕ್ಸಿಜನ್-18 ಎಷ್ಟು, ಹಗುರ ರೂಪ ಆಕ್ಸಿಜನ್-16 ಎಷ್ಟು ಎಂದು ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಪ್ರಾಣಿ ಬದುಕಿದ ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಆಕ್ಸಿಜನ್-18 ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಚ್ಛ್‌ನ ಜುರಾಸಿಕ್ ಬೆಲೆಮ್ನೈಟ್‌ಗಳು ಕೈಗೆ ಬಂದವು. ಬೆಲೆಮ್ನೈಟ್ ಅಂದರೆ ನಮ್ಮ ಕರಾವಳಿಯ ಬೊಂಡಾಸ್‌ಗೆ (ಸ್ಕ್ವಿಡ್) ದೂರದ ನೆಂಟ. ಉಳಿಯುವುದು ಬುಲೆಟ್ಟಿನಂಥ ಕಲ್ಲು ಮಾತ್ರ. 1951ರಲ್ಲಿ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಅವರ ತಂಡ ಇಂಥದ್ದೊಂದನ್ನು ಪದರ ಪದರವಾಗಿ ಅಳೆದಿತ್ತು. ಚಿಕ್ಕಂದಿನಲ್ಲಿ ಬೆಚ್ಚಗಿನ ನೀರಿನಲ್ಲಿತ್ತು, ಸುಮಾರು ನಾಲ್ಕು ವರ್ಷ ಬದುಕಿತ್ತು ಎಂದು ಹೇಳಿತ್ತು. ನನಗೂ ಅಂಥದ್ದೊಂದು ಕಥೆ ಬೇಕಿತ್ತು.

ಮೊದಲ ಸ್ಯಾಂಪಲ್‌ಗೇ -6 ಬಂತು. ಅಂದರೆ ಹೋಲಿಕೆಗೆ ಇಟ್ಟುಕೊಂಡ ಮಾದರಿಗಿಂತ ಆಕ್ಸಿಜನ್-18ರ ಪ್ರಮಾಣ ಸಾವಿರಕ್ಕೆ ಆರರಷ್ಟು ಕಡಿಮೆ. ಆಗ ಧ್ರುವಗಳಲ್ಲಿ ದೊಡ್ಡ ಹಿಮರಾಶಿ ಇರಲಿಲ್ಲ ಎಂದು ಹಿಡಿದು ಲೆಕ್ಕ ಹಾಕಿದೆ. ನೀರು 41 ಡಿಗ್ರಿ. ಸ್ನಾನಕ್ಕೆ ಕಾಯಿಸಿಟ್ಟ ಹಾಗೆ! ಅದು ಆಗದ ಮಾತು ಅಂತ ನನಗೂ ಗೊತ್ತಿತ್ತು. ಆದರೆ ನದಿ ನೀರು ಬೆರೆತರೂ ಆಕ್ಸಿಜನ್-18 ಕಡಿಮೆಯಾಗುತ್ತದೆ, ಅಲ್ವಾ? ಸರಿ, ಇದು ಅಳಿವೆಯ ಪ್ರಾಣಿ ಎಂದು ಸ್ಲೈಡ್ ಮಾಡಿಬಿಟ್ಟೆ.

ಮೇಡಂ ನೋಡಿ ಒಂದೇ ಪ್ರಶ್ನೆ ಕೇಳಿದರು. "ಅದೇ ಪದರದಲ್ಲಿ ಬೇರೆ ಏನು ಸಿಕ್ಕಿದೆ?"

ಬ್ರಾಕಿಯೋಪಾಡ್. ಕಡಲ ತಳಕ್ಕೆ ಅಂಟಿಕೊಂಡು ಬದುಕುವ ಚಿಪ್ಪಿನ ಜೀವಿ. ಅಲ್ಲಿ ಸಿಕ್ಕ ಜಾತಿಗಳಿಗೆ ಸಿಹಿನೀರು ಆಗಿಬರುವುದಿಲ್ಲ. ಪಕ್ಕದ ಡಬ್ಬಿಯಲ್ಲೇ ಇತ್ತು, ನಾನು ತೆರೆದಿರಲಿಲ್ಲ.

ಆಮೇಲೆ ಚೂರನ್ನು ಕ್ಯಾಥೋಡೋಲ್ಯುಮಿನೆಸೆನ್ಸ್ ಮೈಕ್ರೋಸ್ಕೋಪಿಗೆ ಇಟ್ಟೆವು. ಎಲೆಕ್ಟ್ರಾನ್ ಬಿದ್ದದ್ದೇ ತಡ, ಅಂಚೆಲ್ಲ ಕೆಂಡದಂತೆ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ಆ ಹೊಳಪು ಮ್ಯಾಂಗನೀಸ್‌ನ ಗುರುತು. ಪ್ರಾಣಿ ಸತ್ತು ಹೂತುಹೋದ ಮೇಲೆ ಅಂತರ್ಜಲ ಹರಿದು ಅಲ್ಲಿನ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಕರಗಿ ಮತ್ತೆ ಗಟ್ಟಿಯಾಗಿದೆ. ಸುಲಭ ಅಂತ ನಾನು ಕೊರೆದದ್ದೂ ಅಂಚನ್ನೇ. ಸುಮ್ನೆ ಬಾವಿ ನೀರು ಅಳೆದಂತಾಯಿತು!

ಒಳಗೆ ಹೊಳೆಯದ, ಜೇನುಬಣ್ಣದ ಭಾಗ ಉಳಿದಿತ್ತು. ಅಲ್ಲಿ ಕೊರೆದಾಗ -0.8 ಬಂತು. ಸುಮಾರು 16 ಡಿಗ್ರಿ. ಬ್ರಾಕಿಯೋಪಾಡ್‌ನದ್ದೂ ಹತ್ತಿರ ಹತ್ತಿರ ಅಷ್ಟೇ. ಹಾಗಾದರೆ ಈ ಬೆಲೆಮ್ನೈಟ್ ಬಿಸಿಲು ಬೀಳುವ ಮೇಲ್ನೀರಿಗಿಂತ ತಳದ ಹತ್ತಿರವೇ ಹೆಚ್ಚು ಈಜಾಡಿಕೊಂಡಿತ್ತು ಅನ್ನಬಹುದು. ಅಳಿವೆಯ ಸ್ಲೈಡ್ ಅಳಿಸಿದೆ.

ಈಗ ಡ್ರಿಲ್ ಮುಟ್ಟುವ ಮೊದಲು ಪ್ರತಿ ಚೂರೂ ಆ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಗೆ ಹೋಗುತ್ತದೆ. ಹತ್ತರಲ್ಲಿ ಮೂರ್ನಾಲ್ಕು ಅಲ್ಲೇ ಬಿದ್ದುಹೋಗುತ್ತವೆ. ಚಿಪ್ಪು ತೆಳ್ಳಗಿದ್ದರಂತೂ ಇನ್ನೂ ಜಾಸ್ತಿ.