ಗ್ಯಾಪ್ ಆದ ಮೇಲೆ ಮತ್ತೆ ರಿಗ್ಗಿಂಗ್: ಮೊದಲು ಒಂದು ಕಾಲು ಸಾಕು

ನಾನು ಕ್ಯಾರೆಕ್ಟರ್ ರಿಗ್ಗಿಂಗ್ (3ಡಿ ಪಾತ್ರವನ್ನು ಆಡಿಸಲು ಅದರೊಳಗೆ ಎಲುಬಿನ ಚೌಕಟ್ಟು ಕೂರಿಸುವ ಕೆಲಸ) ಬಿಟ್ಟಾಗ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ 2.79 ಆವೃತ್ತಿ ಇತ್ತು. ಆಮೇಲೆ ಕೆಲಸ ಬೇರೆ ಕಡೆ ತಿರುಗಿತು. ವಾಪಸ್ ಬರುವಷ್ಟರಲ್ಲಿ ಅದು 4.4 ಆಗಿತ್ತು. ಇಷ್ಟು ಗ್ಯಾಪ್ ಆದವರಿಗೆ ನಾನು ಹೇಳುವುದು ಇಷ್ಟೇ: ಹೊಸ ಫೀಚರ್‌ಗಳ ವಿಡಿಯೋ ನೋಡುತ್ತಾ ಕೂರಬೇಡಿ, ಒಂದು ಕಾಲು ರಿಗ್ ಮಾಡಿ. ತೊಡೆಯಿಂದ ಬೆರಳವರೆಗೆ ಸಾಕು.

ಕಾಲೇ ಯಾಕೆ? ರಿಗ್ಗಿಂಗ್‌ನ ತಲೆನೋವೆಲ್ಲ ಅಲ್ಲೇ ಇದೆ. ತೊಡೆ ಮತ್ತು ಮೊಣಕಾಲ ಕೆಳಗಿನ ಬೋನ್‌ಗಳನ್ನು (ಚೌಕಟ್ಟಿನ ಎಲುಬುಗಳನ್ನು) ನೆಟ್ಟಗೆ ಒಂದೇ ಗೆರೆಯಲ್ಲಿಟ್ಟರೆ, ಮೊಣಕಾಲು ಯಾವ ಕಡೆ ಮಡಚಬೇಕು ಅಂತ ಐಕೆಗೆ (ಪಾದ ಎಳೆದರೆ ಇಡೀ ಕಾಲನ್ನು ತಾನೇ ಮಡಚುವ ವ್ಯವಸ್ಥೆಗೆ) ಗೊತ್ತಾಗುವುದಿಲ್ಲ. ಮೊದಲೇ ಒಂಚೂರು ಮುಂದಕ್ಕೆ ಬಗ್ಗಿಸಿಡಬೇಕು. ಪೋಲ್ ಟಾರ್ಗೆಟ್ (ಮೊಣಕಾಲು ಯಾವ ಕಡೆ ನೋಡಬೇಕು ಅಂತ ತೋರಿಸುವ ಗುರುತು) ಹಾಕಿದ ತಕ್ಷಣ ಕಾಲು ತಿರುಚಿಕೊಂಡರೆ ಗಾಬರಿ ಬೇಡ, ಪೋಲ್ ಆಂಗಲ್ ಬದಲಿಸಿ ನೋಡಿ. ಎಷ್ಟೋ ಸಲ 90 ಅಥವಾ ಮೈನಸ್ 90 ಕೊಟ್ಟರೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಬೋನ್ ರೋಲ್ (ಬೋನ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಅನ್ನುವುದು) ನೋಡಬೇಕು. ಇನ್ನು ಪಾದ ಚೆನ್ನಾಗಿ ಉರುಳಬೇಕಾದರೆ ಹಿಮ್ಮಡಿ, ಬೆರಳ ಬುಡ, ಬೆರಳ ತುದಿ, ಮೂರೂ ಕಡೆ ಪಿವೋಟ್ (ತಿರುಗುವ ಬಿಂದು) ಬೇಕು. ಇದರಲ್ಲಿ ಯಾವುದೂ 2.79ರಿಂದ ಬದಲಾಗಿಲ್ಲ. ಅರ್ಧ ಧೈರ್ಯ ಬರುವುದೇ ಇಲ್ಲಿ.

ಕಾಡುವುದು ಬೆರಳಿಗೆ ಅಂಟಿದ ಅಭ್ಯಾಸ. 2.79ರಲ್ಲಿ ಅನಿಮೇಷನ್ ಪ್ಲೇ ಮಾಡಲು ಆಲ್ಟ್ ಎ ಒತ್ತುತ್ತಿದ್ದೆವು. 2019ರ 2.80ರಿಂದ ಅದೇ ಕೀ ಎಲ್ಲವನ್ನೂ ಡಿಸೆಲೆಕ್ಟ್ ಮಾಡುತ್ತದೆ! ಕಷ್ಟಪಟ್ಟು ಆರಿಸಿಕೊಂಡ ಬೋನ್‌ಗಳು ಕಣ್ಣೆದುರೇ ಮಾಯ. ಪ್ಲೇ ಈಗ ಸ್ಪೇಸ್‌ಬಾರ್‌ಗೆ ಹೋಗಿದೆ. ಸೆಲೆಕ್ಟ್ ಮಾಡುವುದು ಎಡ ಕ್ಲಿಕ್‌ಗೆ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಬಲ ಕ್ಲಿಕ್ ವಾಪಸ್ ತರಬಹುದು, ಆದರೆ ತರಬೇಡಿ ಅಂತೀನಿ. ಬೇರೆಯವರ ಕಂಪ್ಯೂಟರ್ ಮುಂದೆ ಕೂತಾಗ ಮತ್ತೆ ಒದ್ದಾಡಬೇಕು, ಅಲ್ವಾ?

ಹಳೆಯ ರಿಗ್ ತೆರೆದಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು. 2023ರಲ್ಲಿ ಬಂದ 4.0ರಲ್ಲಿ ಬೋನ್ ಲೇಯರ್‌ಗಳನ್ನು (ಬೋನ್‌ಗಳನ್ನು ವಿಂಗಡಿಸಿ ತೋರಿಸಲು, ಮುಚ್ಚಲು ಇದ್ದ ವಿಭಾಗಗಳನ್ನು) ತೆಗೆದು ಬೋನ್ ಕಲೆಕ್ಷನ್ (ಹೆಸರಿಡಬಹುದಾದ ಗುಂಪು) ತಂದರು. ಹಳೆಯ ಫೈಲ್‌ನ ಲೇಯರ್‌ಗಳು ‘ಲೇಯರ್ 1’, ‘ಲೇಯರ್ 2’ ಅಂತ ಕಲೆಕ್ಷನ್‌ಗಳಾಗಿ ಬರುತ್ತವೆ. ಕೂತು ‘ಮುಖ’, ‘ಎಡಗೈ’, ‘ಬಲಗೈ’ ಅಂತ ಹೆಸರಿಡಿ. ಬರೀ 32 ಲೇಯರ್‌ಗಳಲ್ಲಿ ಯಾವುದು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಆದರೆ ಲೇಯರ್ ತೋರಿಸಲು, ಮುಚ್ಚಲು ಬಟನ್ ಕೊಡುತ್ತಿದ್ದ ಪೈಥಾನ್ ಸ್ಕ್ರಿಪ್ಟ್ ಎರರ್ ಕೊಡುತ್ತದೆ. ಅದು ಹುಡುಕುವ ‘ಲೇಯರ್ಸ್’ ಈಗ ಇಲ್ಲವೇ ಇಲ್ಲ. ಆ ಸಾಲುಗಳನ್ನು ತಿದ್ದಲೇಬೇಕು. ರಿಗಿಫೈ (ರಿಗ್ ತಾನೇ ತಯಾರಿಸುವ ಬ್ಲೆಂಡರ್ ಆ್ಯಡ್-ಆನ್) ಬಳಸಿದ್ದು, ಅದರ ಮೆಟಾರಿಗ್ (ರಿಗ್‌ಗೆ ಆಧಾರವಾದ ಸರಳ ಎಲುಬಿನ ನಕ್ಷೆ) ಉಳಿಸಿಕೊಂಡಿದ್ದರೆ ಹೊಸದಾಗಿ ಜನರೇಟ್ ಮಾಡುವುದೇ ಸುಲಭ.

2025ರ 4.4ರಲ್ಲಿ ಆ್ಯಕ್ಷನ್‌ಗಳಿಗೆ (ಅನಿಮೇಷನ್ ಉಳಿಸಿಡುವ ಘಟಕಗಳಿಗೆ) ಸ್ಲಾಟ್, ಅಂದರೆ ಒಳಗೇ ಬೇರೆ ಬೇರೆ ಖಾನೆ, ಬಂದಿದೆ. ಪಾತ್ರದ್ದೂ ಅದರ ಕೈಯಲ್ಲಿರುವ ವಸ್ತುವಿನದ್ದೂ ಅನಿಮೇಷನ್ ಒಂದೇ ಆ್ಯಕ್ಷನ್‌ನಲ್ಲಿ ಇರಬಹುದು. ಒಳ್ಳೆಯದೇ, ಆದರೆ ಮೊದಲ ವಾರ ಇದರ ಗೋಜಿಗೆ ಹೋಗಬೇಡಿ.

ಒಂದು ಸಮಾಧಾನ: ಕಣ್ಣಿಗೆ ತುಕ್ಕು ಹಿಡಿದಿರುವುದಿಲ್ಲ. ನೆಲದ ಮೇಲೆ ಪಾದ ಜಾರಿದರೆ, ಐಕೆ ಕಾಲು ಪೂರ್ತಿ ಚಾಚಿ ಮೊಣಕಾಲು ಪಟ್ ಅಂತ ಎಗರಿದರೆ ಈಗಲೂ ತಕ್ಷಣ ಕಾಣುತ್ತದೆ. ಗ್ರಾಫ್ ಎಡಿಟರ್‌ನಲ್ಲಿ (ಚಲನೆಯನ್ನು ಗೆರೆಗಳಾಗಿ ತೋರಿಸುವ ಕಿಟಕಿಯಲ್ಲಿ) ಅದನ್ನು ಸರಿಮಾಡಲು ಜಾಸ್ತಿ ಹೊತ್ತು ಬೇಕಾಗುತ್ತದೆ, ಅಷ್ಟೇ.

ಅರ್ಧಕ್ಕೆ ನಿಂತ ಹಳೆಯ ಪ್ರಾಜೆಕ್ಟ್ ಇದ್ದರೆ ಅದನ್ನು ಹಳೆಯ ಬ್ಲೆಂಡರ್‌ನಲ್ಲೇ ಮುಗಿಸಿ. ಎರಡೂ ಆವೃತ್ತಿ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬಹುದು. ಹಳೆಯ ಫೈಲನ್ನು ಹೊಸದರಲ್ಲಿ ತೆರೆದರೆ ಬೇರೆ ಹೆಸರಿನಲ್ಲೇ ಸೇವ್ ಮಾಡಿ.