ಆಪರೇಷನ್ ಆದ ಮೇಲಿನ ಎರಡು ತಿಂಗಳು

ಗಾಯಗೊಂಡ ಬೀದಿ ನಾಯಿಗೆ ಅಂತ ದುಡ್ಡು ಕೂಡಿಸುವವರು ಸಾಮಾನ್ಯವಾಗಿ ಆಪರೇಷನ್ ಖರ್ಚನ್ನು ಕೇಳುತ್ತಾರೆ. ಜನ ಕೊಡುತ್ತಾರೆ ಕೂಡ. ಆದರೆ ಆಪರೇಷನ್ ಚೆನ್ನಾಗಿ ಆಯ್ತು ಅನ್ನೋ ಫೋಟೋ ಬಂದ ಕೂಡಲೇ ದುಡ್ಡು ಬರೋದು ನಿಂತುಬಿಡುತ್ತದೆ. ಮುರಿದ ಮೂಳೆ ಕೂಡೋಕೆ ಎರಡು ತಿಂಗಳಾದರೂ ಬೇಕು. ಆ ಎರಡು ತಿಂಗಳ ಖರ್ಚನ್ನೂ ಮೊದಲೇ ಕೇಳಿ ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಂಚಿ ನಮ್ಮ ಬೀದಿಯವಳು. ಕಾರು ಗುದ್ದಿದ ಮೇಲೆ ಹಿಂಗಾಲು ಎಳೆದುಕೊಂಡು ಬಂದು ಗೋಡೆ ಪಕ್ಕ ಮಲಗಿದ್ದಳು. ನೋವಿನಲ್ಲಿರುವ ನಾಯಿ ದಿನಾ ಅನ್ನ ಹಾಕುವವರನ್ನೂ ಕಚ್ಚಬಹುದು. ಅದಕ್ಕೇ ಪಕ್ಕದ ಮನೆಯ ಅಕ್ಕ ಹಳೇ ಬೆಡ್‌ಶೀಟ್ ತಂದು ಮೈಮೇಲೆ ಹೊದಿಸಿದರು. ಬೆನ್ನು ಅಲುಗದ ಹಾಗೆ ಹಲಗೆ ಮೇಲೆ ಮಲಗಿಸಿ ಕರೆದುಕೊಂಡು ಹೋದೆವು. ನೋವಿಗೆ ಮನೇಲಿರೋ ಮಾತ್ರೆ ಕೊಡೋಣ ಅಂದರು ಯಾರೋ. ದಯವಿಟ್ಟು ಕೊಡಬೇಡಿ. ನಾವು ನುಂಗುವ ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ವಿಷವೇ.

ಡಾಕ್ಟರು ಮೊದಲು ಕಾಲು ನೋಡಲಿಲ್ಲ. ತುಟಿ ಎತ್ತಿ, ವಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರು. ಒತ್ತಿದಾಗ ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನ ಒಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ತಡವಾದರೆ ರಕ್ತದ ಓಟ ಕುಸಿದಿದೆ ಅಂತ. ಆಮೇಲೆ ಹಿಂಗಾಲಿನ ಬೆರಳನ್ನು ಚಿಮಟದಲ್ಲಿ ಗಟ್ಟಿಯಾಗಿ ಹಿಡಿದರು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಖುಷಿಪಟ್ಟೆ. "ಅದು ಲೆಕ್ಕಕ್ಕಿಲ್ಲ. ಬೆನ್ನುಹುರಿ ತುಂಡಾಗಿದ್ರೂ ಕಾಲು ಹಾಗೆ ಎಳ್ಕೊಳ್ಳುತ್ತೆ. ಮುಖ ನೋಡ್ತಿರಿ" ಅಂದರು. ಇನ್ನೊಮ್ಮೆ ಹಿಡಿದಾಗ ಕೆಂಚಿ ತಲೆ ತಿರುಗಿಸಿ, ಡಾಕ್ಟರ ಕೈಯನ್ನೇ ನೋಡಿ ಗುರ್ ಅಂದಳು. ನನಗೆ ಅಳು ಬಂತು. ನೋವು ಮೆದುಳಿನ ತನಕ ಹೋಗುತ್ತಿದೆ, ಅಂದರೆ ಮತ್ತೆ ನಡೆಯುವ ಆಸೆ ಇದೆ.

ಎಕ್ಸ್-ರೇಯಲ್ಲಿ ತೊಡೆ ಮೂಳೆ ಎರಡು ತುಂಡಾಗಿತ್ತು. ಎದೆಯದೂ ಒಂದು ಎಕ್ಸ್-ರೇ ತೆಗೆದರು. ಗುದ್ದಿದ ಏಟಿಗೆ ಶ್ವಾಸಕೋಶ ಜಜ್ಜಿಹೋಗಿದ್ದರೆ ಅದು ಕೂಡಲೇ ಗೊತ್ತಾಗದೆ ಮಾರನೇ ದಿನ ಉಸಿರಾಟಕ್ಕೆ ತೊಂದರೆ ಆಗಬಹುದಂತೆ. ಹಾಗಾಗಿ ಮೊದಲು ಡ್ರಿಪ್, ನೋವಿನ ಇಂಜೆಕ್ಷನ್, ಕಾಯುವುದು. ದುಡ್ಡು ಕೊಟ್ಟವರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ದುಡ್ಡು ಬಂದಿದೆಯಲ್ಲಾ, ಇನ್ನೂ ಯಾಕೆ ಆಪರೇಷನ್ ಮಾಡಿಸಿಲ್ಲ?" ಅನ್ನೋ ಮಾತು ಬಂದೇ ಬರುತ್ತದೆ. ಅವರು ಕೇಳೋದರಲ್ಲಿ ತಪ್ಪೂ ಇಲ್ಲ.

ನಾನು ಡಾಕ್ಟರ ಹತ್ತಿರ ಎಸ್ಟಿಮೇಟನ್ನು ಎರಡು ಭಾಗ ಮಾಡಿಸಿ ಬರೆಸಿಕೊಂಡೆ. ಒಂದು ಆಪರೇಷನ್ ಆಗುವ ತನಕ: ರಕ್ತ ಪರೀಕ್ಷೆ, ಅರಿವಳಿಕೆ, ಮೂಳೆ ಕೂಡಿಸುವ ಪ್ಲೇಟು, ಸ್ಕ್ರೂ. ಇನ್ನೊಂದು ಅದರ ನಂತರದ್ದು. ಎರಡನ್ನೂ ಒಟ್ಟಿಗೇ ಹಾಕಿ ಕೇಳಿದೆ. ದುಡ್ಡು ನನ್ನ ಖಾತೆಗೆ ಬರಲಿಲ್ಲ, ನೇರ ಆಸ್ಪತ್ರೆಯ ಖಾತೆಗೆ ಹೋಯಿತು. ಒಂದೇ ನಾಯಿಯ ಫೋಟೋ ಇಟ್ಟುಕೊಂಡು ಹತ್ತು ಕಡೆ ದುಡ್ಡು ಎತ್ತುವವರಿದ್ದಾರೆ. ಅಂಥವರಿಂದ ಮೋಸ ಹೋದವರು ನಮ್ಮನ್ನೂ ಅನುಮಾನದಿಂದ ನೋಡೋದು ಸಹಜ ಅಲ್ವಾ? ದಿನಾಂಕ ಇರುವ ಬಿಲ್ಲು ತೋರಿಸಿದರೆ ಆ ಅನುಮಾನ ಅರ್ಧ ಕಡಿಮೆಯಾಗುತ್ತದೆ. ರಕ್ತ ಸುರಿಯುವ ಫೋಟೋ ನಾನು ಹಾಕಲಿಲ್ಲ. ಜನ ಅದನ್ನು ನೋಡಲಾರದೆ ಮುಂದಕ್ಕೆ ಹೋಗುತ್ತಾರೆ. ಮುರಿದ ಮೂಳೆಯ ಎಕ್ಸ್-ರೇ ಹಾಕಿದೆ, ಜನ ನಿಂತು ನೋಡಿದರು.

ಇನ್ನೊಂದು ಮಾತನ್ನೂ ದುಡ್ಡು ಕೇಳಿದ ಬರಹದಲ್ಲೇ ಬರೆದಿದ್ದೆ. ಕಾಲು ಉಳಿಯದಿದ್ದರೆ ತೆಗೆಸುತ್ತೇವೆ, ಅವಳೇ ಉಳಿಯದಿದ್ದರೆ ಮಿಕ್ಕ ದುಡ್ಡು ಅದೇ ಆಸ್ಪತ್ರೆಯಲ್ಲಿರುವ ಇನ್ನೊಂದು ಬೀದಿ ಪ್ರಾಣಿಯ ಬಿಲ್ಲಿಗೆ ಅಂತ. ಕಾಲು ತೆಗೆಸುವ ಮಾತಿಗೆ ಕೆಲವರು ಸಿಟ್ಟಾದರು. ಆದರೆ ಮೂರು ಕಾಲಿನಲ್ಲಿ ನಾಯಿಗಳು ಚೆನ್ನಾಗಿಯೇ ಓಡುತ್ತವೆ. ಕೊಳೆತ ಕಾಲನ್ನು ಹಟಕ್ಕೆ ಉಳಿಸಿಕೊಂಡು ನರಳಿಸೋದು ನನಗೆ ಒಪ್ಪಿಗೆಯಿಲ್ಲ.

ಕಾಲು ಉಳಿಯಿತು. ನಿಜವಾದ ಖರ್ಚು, ಕಷ್ಟ ಎರಡೂ ಆಮೇಲೆ ಬಂದವು. ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಅಲ್ಲಿವರೆಗೆ ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಇರಬೇಕು. ಉಳಿದ ವಾರಗಳೆಲ್ಲಾ ಪಂಜರದಲ್ಲಿ. ಮೂತ್ರಕ್ಕೆ ಹಗ್ಗ ಹಿಡಿದು ಹೊರಗೆ, ಮತ್ತೆ ಒಳಗೆ. ಬೀದಿಯಲ್ಲಿ ಬೆಳೆದ ನಾಯಿಗೆ ಇದು ಶಿಕ್ಷೆಯೇ. ಕೆಂಚಿ ರಾತ್ರಿಯೆಲ್ಲಾ ಪಂಜರದ ಬಾಗಿಲು ಕೆರೆಯುತ್ತಿದ್ದಳು. "ಪಾಪ, ಬಿಟ್ಟುಬಿಡಿ" ಅಂತ ಬಹಳ ಜನ ಹೇಳಿದರು. ಬಿಟ್ಟರೆ ಓಡುತ್ತಾಳೆ, ಓಡಿದರೆ ಸ್ಕ್ರೂ ಸಡಿಲವಾಗುತ್ತದೆ, ಪ್ಲೇಟು ಬಾಗುತ್ತದೆ. ಮತ್ತೆ ಮೊದಲಿಂದ ಆಪರೇಷನ್. ಇರಿಸಿಕೊಂಡ ಜಾಗದ ದಿನದ ಬಾಡಿಗೆ, ಊಟ, ಔಷಧಿ, ಮೂಳೆ ಕೂಡಿದೆಯಾ ಅಂತ ನೋಡೋಕೆ ಮತ್ತೊಂದು ಎಕ್ಸ್-ರೇ. ಇದಕ್ಕೆಲ್ಲಾ ದುಡ್ಡು ಮೊದಲೇ ಇದ್ದುದರಿಂದ ಯಾರ ಮಾತಿಗೂ ಬಗ್ಗಬೇಕಾಗಲಿಲ್ಲ.

ಬೇಕಾದಷ್ಟು ಸೇರಿದ ದಿನವೇ "ಸಾಕು, ಇನ್ನು ಕಳಿಸಬೇಡಿ" ಅಂತ ಹಾಕಿದ್ದೆ. ಕೊನೆಗೆ ಸ್ವಲ್ಪ ಮಿಕ್ಕಿತ್ತು. ಕೊಟ್ಟವರನ್ನು ಕೇಳಿ, ಅದರಲ್ಲೇ ಅವಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದೆವು. ಆ ಬಿಲ್ಲನ್ನೂ ಎಲ್ಲರಿಗೂ ಕಳಿಸಿದ್ದೇನೆ.