ಕೊನೆಗೆ ಬಂದ ಹುಡುಗಿ

ಇವತ್ತು ಮಧ್ಯಾಹ್ನ ಒಂದು ಸಿನಿಮಾದ ಕೊನೆಯ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಒಲೆ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಫ್ರೆಂಚ್ ನಿರ್ದೇಶಕ ಕ್ಲೋದ್ ಶಬ್ರೋಲ್ ಅವರ 'ಲೇ ಬಾನ್ ಫಾಮ್'. 1960ರದ್ದು.

ಪ್ಯಾರಿಸ್‌ನಲ್ಲಿ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಕೆಲಸಕ್ಕೆ ನಾಲ್ಕು ಹುಡುಗಿಯರು. ಗಿರಾಕಿಗಳು ಅಪರೂಪ. ಯಾವಾಗ ಬಾಗಿಲು ಹಾಕುತ್ತಾರೋ ಅಂತ ಗಡಿಯಾರ ನೋಡುವುದೇ ಅವರ ದಿನ. ಒಬ್ಬಳು ಯಾರಿಗೂ ಹೇಳದೆ ರಾತ್ರಿ ಹೊತ್ತು ವೇದಿಕೆ ಮೇಲೆ ಹಾಡುತ್ತಾಳೆ.

ಜಾಕ್ಲೀನ್ ಮಾತ್ರ ಮೆತ್ತಗಿನ ಹುಡುಗಿ. ಬೈಕಿನವನೊಬ್ಬ ಎಲ್ಲಿ ಹೋದರೂ ಹಿಂದೆ ಬರುತ್ತಾನೆ. ಅದನ್ನೇ ಪ್ರೀತಿ ಅಂದುಕೊಳ್ಳುತ್ತಾಳೆ. ಪಾಪ, ಯಾರು ಅಂದುಕೊಳ್ಳಲ್ಲ ಹೇಳಿ? ಕೊನೆಗೆ ಕಾಡಿನಲ್ಲಿ ಅವನು ಅವಳ ಕತ್ತು ಹಿಸುಕಿಬಿಡುತ್ತಾನೆ.

ಅಲ್ಲಿಗೇ ಮುಗಿಯುತ್ತೆ ಅಂದುಕೊಂಡಿದ್ದೆ. ಇಲ್ಲ. ಒಂದು ಡಾನ್ಸ್ ಹಾಲ್. ಅಲ್ಲಿಯವರೆಗೂ ಸಿನಿಮಾದಲ್ಲಿ ಇರದಿದ್ದ ಒಬ್ಬ ಹುಡುಗಿ ಒಬ್ಬಳೇ ಕೂತಿದ್ದಾಳೆ. ಯಾರೋ ಬಂದು ಕುಣಿಯಲು ಕರೆಯುತ್ತಾನೆ. ನಮಗೆ ಅವನ ಬೆನ್ನು ಮಾತ್ರ ಕಾಣುತ್ತೆ. ಕುಣಿಯುತ್ತಾ ಅವಳು ಅವನ ಭುಜದ ಮೇಲಿಂದ ನೇರವಾಗಿ ನಮ್ಮನ್ನೇ ನೋಡುತ್ತಾಳೆ.

ಆ ಕಣ್ಣಲ್ಲಿ ನನಗೆ ಕಂಡಿದ್ದು ಭಯ ಅಲ್ಲ, ಆಸೆ. ಅದಕ್ಕೇ ಜಾಸ್ತಿ ಸಂಕಟ ಆಯ್ತು.

ಈ ಹುಡುಗಿಯರನ್ನು ನಿರ್ದೇಶಕರು ಕೀಳಾಗಿ ತೋರಿಸಿದ್ದಾರೆ ಅಂತ ಆಗ ತುಂಬ ಜನ ಬೈದಿದ್ದರಂತೆ. ನನಗೆ ಹಾಗನ್ನಿಸಲಿಲ್ಲ. ಕೀಳಾಗಿ ಕಂಡವರು ಆ ಮುಖವನ್ನು ಅಷ್ಟು ಹೊತ್ತು, ಅಷ್ಟು ಮೆಲ್ಲಗೆ ನೋಡುತ್ತಿರಲಿಲ್ಲ ಅಲ್ವಾ?

ಅವಳಿಗೂ ಎಲ್ಲೋ ಒಂದು ಅಂಗಡಿ ಇರಬೇಕು, ಗೋಡೆ ಮೇಲೊಂದು ಗಡಿಯಾರ. ಮೂರನೇ ಸಲವೂ ಅವನು ಈ ಕಡೆ ತಿರುಗಲಿ ಅಂತ ಕಾದೆ.